ಎದುರು ಕುರ್ಚಿಯ ಹೆಣಿಗೆ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,
ನಿಮ್ಮ ಇಲಿಮರಿ ಮಾಡುವ ನಮಸ್ಕಾರಗಳು.

ಇವತ್ತು ಬೆಳಿಗ್ಗೆ ನಿಮ್ಮ ಪಿನ್ನು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೆಂಪು ದಾರ ಕಟ್ಟಿದ ಪಿನ್ನು. ಹೆಣಿಗೆ ನಿಲ್ಲಿಸಿದ ಸಾಲಿಗೆ ಅದನ್ನು ಚುಚ್ಚಿಟ್ಟು ಏಳುವುದು, ಮಾರನೆಯ ದಿನ ಕೂತಾಗ ತೆಗೆದು, ಎಷ್ಟು ಬೆಳೆಯಿತು ಎಂದು ಗೇಣು ಹಾಕಿ ನೋಡಿ ಮತ್ತೆ ಮೇಲಿನ ಸಾಲಿಗೆ ಚುಚ್ಚುವುದು ನಿಮ್ಮ ರೂಢಿ. ಕೊನೆಯ ಸಲ ಚುಚ್ಚಿದ್ದನ್ನು ನೀವು ತೆಗೆಯಲಿಲ್ಲ, ಮರುದಿನ ಆಸ್ಪತ್ರೆಗೆ ಹೋದಿರಿ. ಹಾಗಾಗಿ ಪಿನ್ನು ಕಡ್ಡಿಯ ಪಕ್ಕದಲ್ಲಿ, ಹೊದಿಕೆಯ ತುದಿಯಲ್ಲೇ ಇರಬೇಕಿತ್ತು. ಇವತ್ತು ನೋಡಿದರೆ ಅದು ಹೊದಿಕೆಯ ನಡುವಿನಲ್ಲಿತ್ತು.

ಇದನ್ನು ಬರೆಯುವ ಮೊದಲು ನಿಮ್ಮ ಪತ್ರಕ್ಕೆ ಉತ್ತರ ಬರೆಯಬೇಕಿತ್ತು. ಕ್ಷಮಿಸಿ, ನನಗೆ ವಿಷಯಗಳನ್ನು ಸಾಲಾಗಿ ನಿಲ್ಲಿಸಲು ಬರುವುದಿಲ್ಲ. ಎಂ.ಎ. ಮಾಡಿಯೂ ಬರಲಿಲ್ಲ ಎಂದು ನೀವು ನಗಬಹುದು.

ನಿಮ್ಮ ಪತ್ರ ಶನಿವಾರ ತಲುಪಿತು. ಫೋನ್ ಮಾಡದೆ ಬರೆದಿರಲ್ಲ, ಅದಕ್ಕೆ ಥ್ಯಾಂಕ್ಸ್. ಫೋನಿನಲ್ಲಾದರೆ ನಾನು ಹೂಂ, ಸರಿ, ಆಯ್ತು ಎಂದು ಮೂರು ಮಾತು ಆಡಿ ಇಡುತ್ತಿದ್ದೆ. ನೀವು ಕೇಳಿದ್ದನ್ನೆಲ್ಲ ಜೋಡಿಸಿದ್ದೇನೆ. ಹೊಲಿಗೆ ಪೆಟ್ಟಿಗೆ, ಚಳಿಗಾಲದ ಬಟ್ಟೆ, ನಿಮ್ಮ ಲ್ಯಾಬಿನ ಎರಡು ಬಿಳಿ ಕೋಟು, ಅಂಕಪಟ್ಟಿಗಳಿರುವ ಫೈಲು, ಹಿಡಿ ಮುರಿದರೂ ನೀವು ಬಿಸಾಡದ ಆ ಹಸಿರು ಕಪ್ಪು. ಇವು ನಾಳೆ ಪಾರ್ಸೆಲ್ಲಿನಲ್ಲಿ ಹೊರಡುತ್ತವೆ. ಮುಂದಿನ ತಿಂಗಳು ಬಂದು ಎಲ್ಲರೆದುರು ಕೂತು ಮಾತಾಡಿ ಮುಗಿಸಿಬಿಡುತ್ತೇನೆ, ಅಲ್ಲಿಯವರೆಗೆ ಅಣ್ಣನಿಗೆ ಹೇಳುವುದು ಬೇಡ ಎಂದಿದ್ದೀರಿ. ನಾನು ಹೇಳಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಆದರೆ ಆ ಕಪ್ಪನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು, ಏನೂ ಕೇಳದೆ ಹಳೆಯ ಟವೆಲೊಂದನ್ನು ತಂದುಕೊಟ್ಟು, ಇದರಲ್ಲಿ ಸುತ್ತು, ಕಾಗದ ಸಾಲಲ್ಲ ಎಂದು ಹೋದರು. ಅವರಿಗೆ ಗೊತ್ತಾಗಿದೆ.

ಉಳಿದದ್ದು ಹೊದಿಕೆ. ಬೀರುವಿನ ಕೆಳಗಿನ ಅರೆಯಲ್ಲಿ ಹೂವಿನ ದಿಂಬಿನ ಚೀಲದಲ್ಲಿದೆ, ಬಿಚ್ಚಿ ಉಂಡೆ ಸುತ್ತಿ ಯಾರಿಗಾದರೂ ಕೊಟ್ಟುಬಿಡು, ನನ್ನ ಕೈಯಲ್ಲಿ ಆಗಲ್ಲ ಎಂದು ಬರೆದಿದ್ದೀರಿ. ಅದೊಂದು ಸಾಲಿನಲ್ಲಿ ಮಾತ್ರ ನಿಮ್ಮ ಅಕ್ಷರ ಚಿಕ್ಕದಾಗಿದೆ.

ಮೂರು ದಿನ ಮುಂದೂಡಿದೆ. ಮುದ್ರಣಾಲಯದಿಂದ ಪ್ರೂಫ್ ಬಂದಿದೆ, ತಿದ್ದಬೇಕು ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಇವತ್ತು ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋದಾಗ ಕೋಣೆಗೆ ಹೋಗಿ ಬೀರು ತೆಗೆದೆ. ಕೆಳಗಿನ ಅರೆಯಲ್ಲಿ ದಿಂಬಿನ ಚೀಲ ಇರಲಿಲ್ಲ. ತಿರುಗಿ ನೋಡಿದರೆ ಅದು ಮಂಚದ ಮೇಲೆ, ಅವನ ಇಸ್ತ್ರಿ ಮಾಡಿದ ಅಂಗಿಯ ಪಕ್ಕದಲ್ಲಿ ಕೂತಿತ್ತು. ಊರಿಗೆ ಹೊರಟವರ ಗಂಟಿನ ಹಾಗೆ ಉಬ್ಬಿಕೊಂಡು.

ಬಿಚ್ಚಿ ನೋಡಿದೆ. ಪಿನ್ನಿನ ಕೆಳಗೆ ನಿಮ್ಮ ಕೈ. ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ಸಾಲುಗಳು, ಮಧ್ಯದಲ್ಲಿ ಹುರಿಯ ಹಾಗೆ ತಿರುಚಿಕೊಂಡು ಏರುವ ಆ ಜಡೆ. ಪಿನ್ನಿನಿಂದ ಮೇಲೆ ಬೇರೆ ಯಾರದೋ ಕೈ. ಮೊದಲ ಒಂದಷ್ಟು ಸಾಲು ಎಷ್ಟು ಬಿಗಿ ಎಂದರೆ ಅಲ್ಲಿ ಹೊದಿಕೆ ಸೊಂಟ ಹಿಡಿದ ಹಾಗೆ ಒಳಕ್ಕೆ ಸೇದಿಕೊಂಡಿದೆ. ಒಂದು ಕಡೆ ಕುಣಿಕೆ ಜಾರಿ ತೂತಾಗಿದೆ, ಅದನ್ನು ಹೊಲಿಗೆ ದಾರದಲ್ಲಿ ಬಿಗಿದು ಕಟ್ಟಿದ್ದಾರೆ, ಗೋಣಿಚೀಲದ ಬಾಯಿ ಕಟ್ಟುವ ಗಂಟು. ಇನ್ನೊಂದು ಕಡೆ ಉಣ್ಣೆ ನವೆದು ನೂಲುನೂಲಾಗಿದೆ, ಅಂದರೆ ಬಿಚ್ಚಿ ಹೆಣೆದು, ಮತ್ತೆ ಬಿಚ್ಚಿ ಹೆಣೆದಿದ್ದಾರೆ. ಅಲ್ಲಿಂದಾಚೆಗೆ ಕೈ ನಿಧಾನವಾಗಿ ಬಿಡಿಸಿಕೊಂಡಿದೆ. ನೀವು ತಂದಿಟ್ಟ ಉಂಡೆಗಳು ಮುಗಿದಿರಬೇಕು, ಮೇಲೆ ಮೇಲೆ ಬೂದು ನೀಲಿಯ ಬಣ್ಣ ಒಂದು ಚೂರು ಕಪ್ಪಾಗಿದೆ. ಕೊನೆಯ ಸಾಲುಗಳನ್ನು ನೋಡಿದರೆ ಯಾರೋ ಉಸಿರಾಡುತ್ತಾ ಹೆಣೆದ ಹಾಗಿದೆ.

ಇನ್ನೂ ಒಂದಿದೆ. ನಿಮ್ಮ ಜಡೆ ಬಲಕ್ಕೆ ತಿರುಗುತ್ತದೆ. ಪಿನ್ನಿನ ಮೇಲಿನ ಜಡೆ ಎಡಕ್ಕೆ. ಒಂದು ಕಡೆ ತಪ್ಪಿದ್ದಲ್ಲ, ಕೊನೆಯವರೆಗೂ ಪ್ರತಿ ತಿರುವೂ ಎಡಕ್ಕೇ.

ಹೊದಿಕೆಯನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಮೊದಲು ನನ್ನನ್ನೇ ಅನುಮಾನಿಸಿದರು.

“ನೀನೇನಾ?”

“ನಾನು ಹೆಣೆದ್ರೆ ಜರಡಿ ಆಗುತ್ತೆ ಅಂತ ನೀವೇ ಹೇಳ್ತಿದ್ರಲ್ಲಮ್ಮ. ನೀವಾ?”

“ನನ್ನ ಕೈ ಇಷ್ಟು ಬಿಗಿನಾ? ಕಣ್ಣು ಮಂಜಾಗಿದೆ, ಕೈಗೇನಾಗಿದೆ? ಈ ಜಡೆ ನೋಡು, ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ.” ಹಾಗೆಂದವರು ಥಟ್ಟನೆ ಮಾತು ನಿಲ್ಲಿಸಿ ಬಚ್ಚಲಮನೆಯ ಕಡೆ ನೋಡಿದರು. ಒಳಗೆ ಅಣ್ಣ ಚೊಂಬಿನಿಂದ ನೀರು ಸುರಿದುಕೊಳ್ಳುವ ಶಬ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿಲಕದ ಸದ್ದಾಯಿತು. ನಾನು ಓಡಿಹೋಗಿ ಚೀಲವನ್ನು ಇದ್ದಲ್ಲೇ ಇಟ್ಟು ಬಂದೆ. ನೀವು ನನಗೆ ಇಲಿಮರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅಣ್ಣ ತಿಂಡಿ ತಿಂದ. ಹೆಗಲಿಗೆ ಬ್ಯಾಗು ಹಾಕಿಕೊಂಡ. ಆ ಬ್ಯಾಗು ಇಷ್ಟು ದಿನ ಉಬ್ಬಿರುವುದನ್ನು ನಾನು ನೋಡಿದ್ದೇನೆ, ಮಳೆ ಕೋಟು ಎಂದುಕೊಂಡಿದ್ದೆ. ಮಳೆ ನಿಂತು ಎಷ್ಟು ಕಾಲವಾಯಿತು ಎಂದು ಯೋಚಿಸಿರಲಿಲ್ಲ. ಎಲ್ಲವನ್ನೂ ಗಮನಿಸುತ್ತೇನೆ ಎಂಬ ಜಂಬ ನನಗೆ. ಅಮ್ಮ ಬೇಕೆಂದೇ, ಬ್ಯಾಗಲ್ಲಿ ಏನೋ ಅದು ಅಷ್ಟೊಂದು, ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಬ್ಯಾಗಿನ ಜಿಪ್ಪು ಮುಟ್ಟಿ ನೋಡಿಕೊಂಡ. “ಏನಿಲ್ಲ” ಎಂದು ಹೊರಟ. ಆ ಗಡಿಬಿಡಿಯಲ್ಲಿ ಊಟದ ಡಬ್ಬಿ ಮರೆತ.

ಅವನು ಹೋದ ಮೇಲೆ ಅಮ್ಮ ತಮ್ಮ ಹಳೆಯ ಕಡ್ಡಿಗಳನ್ನೂ ಉಳಿದಿದ್ದ ಒಂದಿಷ್ಟು ಉಣ್ಣೆಯನ್ನೂ ಹುಡುಕಿ ತಂದು ಕಿಟಕಿಯ ಪಕ್ಕದ ನಿಮ್ಮ ಕುರ್ಚಿಯಲ್ಲಿ ಕೂತರು. ಜಡೆ ಎಡಕ್ಕೆ ಹೇಗೆ ಹೋಗುತ್ತೆ ನೋಡೇಬಿಡೋಣ ಎಂದು ಅವರ ಹಟ. ನನಗೆ ಕೂರಲು ಉಳಿದದ್ದು ಎದುರಿನ ಕುರ್ಚಿ. ಅಣ್ಣನದು. ಅದರಲ್ಲಿ ನಾನು ಯಾವತ್ತೂ ಕೂತವಳಲ್ಲ.

ಜಡೆ ಹೆಣೆಯುವಾಗ ಅರ್ಧ ಕುಣಿಕೆಗಳನ್ನು ಸಣ್ಣ ಕಡ್ಡಿಗೆ ಹಾಕಿ ಹಿಂದಕ್ಕೆ ಸರಿಸಿಟ್ಟು, ಉಳಿದರ್ಧವನ್ನು ಮೊದಲು ಹೆಣೆಯುತ್ತೀರಲ್ಲ, ಅಮ್ಮ ಹಾಗೆ ಮಾಡಿದರು. ಸಣ್ಣ ಕಡ್ಡಿಯನ್ನು ಅವರ ಮೈಯಿಂದ ದೂರಕ್ಕೆ ತಳ್ಳಿದರು. ನಾನು ಕೂತಿದ್ದ ಕಡೆಯಿಂದ ಅದು ದೂರ ಹೋಗಲಿಲ್ಲ ಅತ್ತಿಗೆ. ನನ್ನ ಕಡೆಗೆ ಬಂತು.

ಅಮ್ಮನಿಗೆ ಹೇಳಿದೆ. ಅಮ್ಮ ಸಣ್ಣ ಕಡ್ಡಿಯನ್ನು ತಮ್ಮ ಮೈಯ ಕಡೆಗೆ ಹಿಡಿದು ಹೆಣೆದು ನೋಡಿದರು. ಜಡೆ ಎಡಕ್ಕೆ ತಿರುಗಿತು. ಆಮೇಲೆ ಅಮ್ಮ ಕಡ್ಡಿ ಕೆಳಗಿಟ್ಟು, “ನಾನು ಇಷ್ಟು ವರ್ಷ ಈ ಮನೇಲಿ ಹೆಣೆದೆ, ಒಂದ್ಸಲನಾದ್ರೂ ತಿರುಗಿ ನೋಡಿದ್ನಾ? ಹೆಂಡ್ತಿ ಕೈ ಮಾತ್ರ ಕಂಡಿದೆ, ನೋಡು!” ಎಂದರು. ಬೈದ ಹಾಗಿತ್ತು. ಮೂಗು ಒರೆಸಿಕೊಂಡರು.

ನೀವು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದ ಆ ತಿಂಗಳುಗಳು ನೆನಪಾದವು. ಮದುವೆಯಾದ ಮೇಲೆ ನೀವು ಕಡ್ಡಿ ಹಿಡಿದದ್ದು ಅದೊಂದೇ ಸಲ. ಸಂಜೆ ಅಣ್ಣ ಬಂದು ಎದುರು ಕೂತು ಪೇಪರ್ ಹಿಡಿಯುತ್ತಿದ್ದ. ಬೆಳಿಗ್ಗೆ ಓದಿದ ಪೇಪರನ್ನೇ ಸಂಜೆ ಯಾಕೆ ಓದ್ತೀರಿ, ಬಾಯಿಪಾಠ ಮಾಡಿ ಯಾರಿಗೆ ಒಪ್ಪಿಸಬೇಕು ಎಂದು ನೀವು ಕಿಚಾಯಿಸುತ್ತಿದ್ದಿರಿ. ಅವನು ಪುಟ ತಿರುಗಿಸುತ್ತಿರಲಿಲ್ಲ. ಅದನ್ನೂ ನೋಡಿದ್ದೆ, ಅರ್ಥ ಮಾತ್ರ ಮಾಡಿಕೊಂಡಿರಲಿಲ್ಲ.

ಮರೆತ ಡಬ್ಬಿ ಒಂದು ನೆಪವಾಯಿತು. ಮಧ್ಯಾಹ್ನದೊಳಗೆ ಅದನ್ನು ಹಿಡಿದುಕೊಂಡು ಅಣ್ಣ ಕೆಲಸ ಮಾಡುವ ಲಾರಿ ತೂಕದ ಕಟ್ಟೆಗೆ ಹೋದೆ. ನೀವು ಅಲ್ಲಿಗೆ ಒಂದೇ ಒಂದು ಸಲ ಬಂದಿರಬೇಕು. ಈಗಲೂ ಹಾಗೇ ಇದೆ. ರಸ್ತೆಯ ಪಕ್ಕದಲ್ಲಿ ಲಾರಿ ಹತ್ತಿ ನಿಲ್ಲುವ ಕಬ್ಬಿಣದ ಹಲಗೆ, ಅದರಾಚೆ ಗಾಜಿನ ಗೂಡು, ಒಳಗೆ ಕೆಂಪು ಅಂಕಿಗಳ ಪೆಟ್ಟಿಗೆಯ ಎದುರು ನಮ್ಮಣ್ಣ. ಎಲ್ಲದರ ಮೇಲೂ ಸಿಮೆಂಟಿನ ಧೂಳು. ಗುಜರಿ ತುಂಬಿದ ಲಾರಿಯೊಂದು ನಿಂತಿತ್ತು. ಅದರ ಹಿಂದೆ ನಿಂತುಕೊಂಡೆ.

ಗಾಜಿನೊಳಗೆ ಅವನು ತಲೆ ತಗ್ಗಿಸಿ ಹೆಣೆಯುತ್ತಿದ್ದ. ಬಚ್ಚಿಟ್ಟುಕೊಂಡೇನೂ ಅಲ್ಲ. ಹೊದಿಕೆ ಮೇಜಿನಿಂದ ಇಳಿದು, ಕೆಳಗೆ ಹಾಸಿದ್ದ ಶುಭ್ರವಾದ ಪೇಪರಿನ ಮೇಲೆ ಮಡಿಕೆ ಮಡಿಕೆಯಾಗಿ ಬಿದ್ದಿತ್ತು. ಲಾರಿ ಡ್ರೈವರು ಕಿಟಕಿ ಬಡಿದ.

“ಏನಣ್ಣಾ, ಇನ್ನೂ ಮುಗೀಲಿಲ್ವಾ? ನನ್ನ ಟಾರ್ಪಾಲಿಗಿಂತ ಉದ್ದ ಆಯ್ತಲ್ಲೋ ಇದು!”

“ನಿನ್ನ ಗಾಡಿ ತೂಕ ನೋಡ್ಕೋ. ನಂದೇನು ನೋಡ್ತೀಯ.”

“ಅದನ್ನೂ ಒಂದ್ಸಲ ತೂಕಕ್ಕೆ ಹಾಕ್ಬಿಡು, ಬಾಡಿಗೆ ನಾನು ಕೊಡ್ತೀನಿ!”

ಅಣ್ಣ ನಕ್ಕ. ನಗುತ್ತಲೇ ಚೀಟಿ ಹರಿದು ಕೊಟ್ಟ. ಅವನು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು ಎಂದರೆ, ಒಂದು ಗಳಿಗೆ ನನಗೆ ಸಿಟ್ಟು ಬಂತು. ಮನೆಗೆ ತರದ ನಗುವನ್ನು ಇಲ್ಲಿ ಬರುವ ಹೋಗುವ ಲಾರಿಗಳಿಗೆ ಹಂಚುತ್ತಿದ್ದಾನಲ್ಲ ಎಂದು. ನಿಮ್ಮ ಸಿಟ್ಟು ಎಂಥದಿರಬಹುದು ಎಂದು ಆಗ ಅಂದಾಜಾಯಿತು.

ಲಾರಿ ಹೊರಟಿತು. ಹಿಂದೆ ನಿಂತಿದ್ದ ನಾನು ಬಟಾಬಯಲಾದೆ. ಅಣ್ಣ ನನ್ನನ್ನು ನೋಡಿದ, ಡಬ್ಬಿ ನೋಡಿದ, ಮಡಿಲಿನಲ್ಲಿದ್ದದ್ದನ್ನು ನೋಡಿದ. ಮುಚ್ಚಿಡಲು ಅವನಿಗೆ ಸಮಯವಿತ್ತು, ಮುಚ್ಚಿಡಲಿಲ್ಲ. ಒಳಗೆ ಬಾ, ಧೂಳು ಎಂದ.

“ಅಮ್ಮಂಗೆ ಹೇಳ್ಬೇಡ.”

“ಅಮ್ಮಂಗೆ ಗೊತ್ತಾಯ್ತು.”

“ನಿಮ್ಮತ್ತಿಗೆಗೆ?”

“ಇನ್ನೂ ಇಲ್ಲ.”

ಅಷ್ಟರಲ್ಲಿ ಮರಳಿನ ಲಾರಿ ಬಂತು. ಅದನ್ನು ತೂಗಿ ಕಳಿಸಿದ. ಮತ್ತೆರಡು ಬಂದವು, ಅವನ್ನೂ ಕಳಿಸಿದ. ನಾನು ಸ್ಟೂಲಿನ ಮೇಲೆ ಕೂತು ಹೊದಿಕೆಯ ಅಂಚು ಹಿಡಿದುಕೊಂಡಿದ್ದೆ. ಅಣ್ಣ ನನ್ನ ಕಡೆ ನೋಡದೆ ಹೇಳಿದ. ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದ್ದು ನೀವು ಆಸ್ಪತ್ರೆಯಿಂದ ಬಂದು ಅದನ್ನು ನೋಡುವ ಮುಂಚೆ ಅದು ಕಣ್ಮರೆಯಾಗಲಿ ಎಂದಂತೆ. ನೀವು ಬಂದವರೇ ಖಾಲಿ ಜಾಗವನ್ನೇ ನೋಡುತ್ತಾ ನಿಂತಿರಿ. ಆಗ ಬಾಯಿ ಕಟ್ಟಿದ್ದು ಆಮೇಲೆ ಬಿಚ್ಚಲೇ ಇಲ್ಲವಂತೆ. “ಏನು ಹೇಳಿದ್ರೂ ತಪ್ಪಾಗುತ್ತೆ ಅನ್ನಿಸ್ತು ಕಣೇ. ಸುಮ್ನಿದ್ದದ್ದೇ ದೊಡ್ಡ ತಪ್ಪಾಯ್ತು.” ಇಷ್ಟು ಹೇಳಲು ಅವನಿಗೆ ಮೂರು ಲಾರಿ ಬೇಕಾಯಿತು. ಆಮೇಲೆ ಒಂದು ಪ್ರಶ್ನೆ ಕೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ.

ಅತ್ತಿಗೆ, ಅಣ್ಣ ಹೊದಿಕೆ ಹೆಣೆದ, ಆದ್ದರಿಂದ ಎಲ್ಲ ಸರಿಹೋಯಿತು ಎನ್ನುವಷ್ಟು ದಡ್ಡಿ ನಾನಲ್ಲ. ಹೊರಡುವ ದಿನ ನೀವು ಬಾಗಿಲಲ್ಲಿ ನಿಂತು, ಗೋಡೆಗೆ ತಲೆ ಚಚ್ಚಿಕೊಂಡ್ರೆ ಶಬ್ದನಾದ್ರೂ ಬರುತ್ತೆ, ನಿಮ್ಮಣ್ಣನ ಹತ್ರ ಅದೂ ಇಲ್ಲ ಎಂದಿರಿ. ಅದು ಸುಳ್ಳಲ್ಲ. ಮಗು ಉಳಿಯಲಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನೀವೊಬ್ಬರೇ ಅತ್ತಿರಿ. ಅವನು ಡ್ಯೂಟಿಗೆ ಹೋದ. ನಿಮಗೆ ಬೇಕಿದ್ದದ್ದು ಹೊದಿಕೆ ಅಲ್ಲ, ನಾಲ್ಕು ಮಾತು. ಉಣ್ಣೆಯನ್ನು ಮಾತಿನ ಲೆಕ್ಕಕ್ಕೆ ಹಿಡಿದುಕೊಳ್ಳಿ ಎಂದು ನಾನು ಹೇಳಲಾರೆ. ಅವನಿಗೆ ಏನೂ ಆಗಲೇ ಇಲ್ಲ ಎಂದು ಮಾತ್ರ ನೀವು ನಂಬಿಕೊಂಡಿದ್ದೀರಲ್ಲ, ನಾನೂ ಅರ್ಧ ನಂಬಿದ್ದೆ. ಅದು ಹಾಗಲ್ಲ ಎಂದು ತಿಳಿದ ಮೇಲೂ ತಿಳಿಸದೆ ಪಾರ್ಸೆಲ್ ಕಟ್ಟುವುದು ನನ್ನಿಂದ ಆಗಲಿಲ್ಲ. ಮುಂದಿನದು ನಿಮ್ಮ ಇಷ್ಟ. ನೀವು ಏನು ತೀರ್ಮಾನ ಮಾಡಿದರೂ ನಾನು ನಿಮ್ಮ ಇಲಿಮರಿಯೇ. ಆ ಸಂಬಂಧಕ್ಕೆ ಅಣ್ಣನ ಶಿಫಾರಸು ಬೇಕಾಗಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಊಟಕ್ಕೆ ಬಡಿಸುತ್ತಾ, ಆ ತೂತು, ಆ ಸೇದಿಕೊಂಡ ಸಾಲು, ಆ ಎಡಜಡೆ ಎಲ್ಲ ಬಿಚ್ಚಿ ನೆಟ್ಟಗೆ ಮಾಡಿಬಿಡೋಣ, ಅವಳು ನೋಡೋದಾದ್ರೆ ಚೆನ್ನಾಗಿರೋದನ್ನೇ ನೋಡ್ಲಿ ಎಂದರು. “ತಿದ್ದೋದೇ ನಿನ್ನ ಕೆಲಸ ತಾನೆ? ತಿದ್ದು.” ನಿಜ, ದಿನವಿಡೀ ಬೇರೆಯವರ ತಪ್ಪುಗಳನ್ನು ಹುಡುಕಿ ಅಂಚಿನಲ್ಲಿ ಗುರುತು ಹಾಕುವುದೇ ನನ್ನ ಕೆಲಸ. ಆದರೆ ಆ ಜಡೆಯನ್ನು ಬಲಕ್ಕೆ ತಿರುಗಿಸಿಬಿಟ್ಟರೆ ಅದು ಯಾರು ಬೇಕಾದರೂ ಹೆಣೆದ ಹೊದಿಕೆಯಾಗುತ್ತದೆ. ಎದುರು ಕುರ್ಚಿಯಲ್ಲಿ ಕೂತು ನಿಮ್ಮ ಕೈ ನೋಡಿದವನು ಮಾತ್ರ ಹೀಗೆ ತಪ್ಪು ಮಾಡಲು ಸಾಧ್ಯ. ಬೇಡಮ್ಮ ಎಂದೆ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಅದು ಅವರ ಒಪ್ಪಿಗೆ.

ಹಾಗಾಗಿ ನೀವು ಹೇಳಿದ ಕೆಲಸಗಳಲ್ಲಿ ಒಂದನ್ನು ನಾನು ಮಾಡುತ್ತಿಲ್ಲ. ಹೊದಿಕೆಯನ್ನು ಬಿಚ್ಚುವುದಿಲ್ಲ. ತಿದ್ದುವುದೂ ಇಲ್ಲ, ಪಾರ್ಸೆಲ್ಲಿನಲ್ಲಿ ಹಾಕುವುದೂ ಇಲ್ಲ. ಅದು ದಿನಾ ಬೆಳಿಗ್ಗೆ ಬ್ಯಾಗಿನಲ್ಲಿ ಹೋಗಿ ಸಂಜೆ ಬ್ಯಾಗಿನಲ್ಲಿ ಬರುತ್ತದೆ. ಪಿನ್ನನ್ನು ಅಣ್ಣ ಇದ್ದಲ್ಲೇ ಬಿಟ್ಟಿದ್ದಾನೆ, ಒಮ್ಮೆಯೂ ಕಿತ್ತಿಲ್ಲ. ನೀವು ಬಂದು ಬಿಚ್ಚಬೇಕೆಂದರೆ ಎಲ್ಲಿಂದ ಬಿಚ್ಚಬೇಕೆಂಬುದು ಸುಲಭವಾಗಿ ಗೊತ್ತಾಗುತ್ತದೆ.

ನಿಮಗೆ ಪತ್ರ ಬರೆಯುತ್ತೇನೆ ಎಂದು ಕಟ್ಟೆಯಲ್ಲೇ ಅಣ್ಣನಿಗೆ ಹೇಳಿ ಬಂದೆ. ಏನು ಬರೆಯುತ್ತೇನೆ ಎಂದು ಹೇಳಿಲ್ಲ. ನೀವು ಮುಂದಿನ ತಿಂಗಳು ಬರುವ ವಿಷಯವನ್ನೂ ಹೇಳಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ.

ಹಸಿರು ಕಪ್ಪನ್ನು ಹುಷಾರಾಗಿ ಬಿಚ್ಚಿಕೊಳ್ಳಿ, ಅಮ್ಮನ ಟವೆಲಿನ ಒಳಗಿದೆ. ಟವೆಲನ್ನು ವಾಪಸು ತರಬೇಕಂತೆ. ಅದು ಅಮ್ಮನ ಮಾತು, ನನ್ನದಲ್ಲ.

ಇತಿ, ಗೋಡೆಯ ಪಕ್ಕದಲ್ಲೇ ಓಡಾಡುವ
ನಿಮ್ಮ ಇಲಿಮರಿ

ಮರೆತಿಲ್ಲ, ಆ ಪ್ರಶ್ನೆ: ಮಗುವಿನ ಹೊದಿಕೆ ಇಷ್ಟು ಉದ್ದ ಯಾಕೋ ಅಣ್ಣ, ಈಗ ನೀನೇ ಕಾಲು ಚಾಚಿ ಹೊದ್ದು ಮಲಗಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಅವನು ತಿರುಗಿ ಕೇಳಿದ್ದು. “ಇದನ್ನ ನಿಲ್ಲಿಸೋದು ಹೇಗೆ? ಕಡ್ಡಿ ತೆಗೆದ್ರೆ ಎಲ್ಲ ಬಿಚ್ಕೊಂಡ್ಬಿಡುತ್ತೆ. ಅವಳು ಮುಗಿಸೋದನ್ನ ನಾನು ನೋಡೇ ಇಲ್ಲ.” ಕೊನೆಯ ಸಾಲಿನ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮುಚ್ಚುವುದು ನನಗೆ ಗೊತ್ತು, ಚಿಕ್ಕಂದಿನಲ್ಲೇ ಅಮ್ಮ ಹೇಳಿಕೊಟ್ಟಿದ್ದಾರೆ. ನನಗೆ ಬರಲ್ಲ ಅಣ್ಣ ಎಂದೆ. ಈಗ ಸಂಜೆಯಾಯಿತು, ಡ್ಯೂಟಿ ಮುಗಿಸಿ ಬಂದವನು ಅಮ್ಮನನ್ನೂ ಕೇಳಿದ. ತಾವೇ ಹೆಣೆದ ಶಾಲು ಹೊದ್ದುಕೊಂಡು ಕೂತಿದ್ದ ಅಮ್ಮ, ನನಗೂ ಮರೆತುಹೋಗಿದೆ ಕಣೋ ಎಂದುಬಿಟ್ಟರು. ಅಣ್ಣ ಆ ಶಾಲನ್ನು ಸ್ವಲ್ಪ ಹೊತ್ತು ನೋಡಿದ, ಎದುರು ಕುರ್ಚಿಯಲ್ಲಿ ಕೂತು ಮುಂದಿನ ಸಾಲು ಶುರುಮಾಡಿದ. ಹಾಗಾಗಿ ಅತ್ತಿಗೆ, ಹೆಣಿಗೆ ಮುಚ್ಚಲು ಬರುವವರು ಸದ್ಯಕ್ಕೆ ಈ ಮನೆಯಲ್ಲಿ ಯಾರೂ ಇಲ್ಲ.